ಅರಿವೆಯ ಒಳಮೈ

ಟಿವಿಯ ಹೊಲಿಗೆ ಸ್ಪರ್ಧೆಯಲ್ಲಿ ಎಲ್ಲರೂ ಕಾಯುವುದು ಕೊನೆಯ ಗಳಿಗೆಗೆ. ಯಾರು ಗೆದ್ದರು, ಯಾರು ಗಂಟುಮೂಟೆ ಕಟ್ಟಿದರು, ಯಾರು ಅತ್ತರು. ನಾನು ಕಾಯುವುದು ಅದಕ್ಕೂ ಮುಂಚೆ ಬರುವ ಒಂದು ಸಣ್ಣ ದೃಶ್ಯಕ್ಕೆ. ತೀರ್ಪುಗಾರರು ಗೊಂಬೆಯ ಮೈಮೇಲಿನ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿ ಒಳಮೈ ನೋಡುತ್ತಾರಲ್ಲ, ಅದಕ್ಕೆ. ಹೊರಗೆ ಹೊಳೆಯುವ ರೇಷ್ಮೆ. ಒಳಗೆ ಸುಕ್ಕುಗಟ್ಟಿದ ಹೊಲಿಗೆ, ಜೋತುಬಿದ್ದ ದಾರ, ಒಂದು ಕಡೆ ಅರ್ಧ ಇಂಚು ಮತ್ತೊಂದು ಕಡೆ ಕಾಲು ಇಂಚು ಬಿಟ್ಟ ಮಾರ್ಜಿನ್. ಕ್ಯಾಮೆರಾ ಅದನ್ನೆಲ್ಲ ಹತ್ತಿರದಿಂದ ತೋರಿಸುತ್ತದೆ. ಮನೆಯಲ್ಲಿ ಹೊಲಿಯುವವರ ಪಾಲಿಗೆ ಇಡೀ ಕಾರ್ಯಕ್ರಮದ ಬೆಲೆ ಇರುವುದು ಆ ಅರ್ಧ ನಿಮಿಷದಲ್ಲಿ.

ನಾನು ಹೇಳುತ್ತಿರುವುದು ‘ದಿ ಗ್ರೇಟ್ ಬ್ರಿಟಿಷ್ ಸ್ಯೂಯಿಂಗ್ ಬೀ’ ಬಗ್ಗೆ. 2013ರ ಏಪ್ರಿಲ್‌ನಲ್ಲಿ ಬಿಬಿಸಿ ಟೂ ವಾಹಿನಿಯಲ್ಲಿ ಶುರುವಾಗಿ, 2020ರಲ್ಲಿ ಬಿಬಿಸಿ ಒನ್‌ಗೆ ಏರಿತು. ಇದರ ಮುಖ್ಯ ಷರತ್ತು, ಸ್ಪರ್ಧಿಗಳು ವೃತ್ತಿಯ ದರ್ಜಿಗಳಾಗಿರಬಾರದು, ಮನೆಯಲ್ಲಿ ಹೊಲಿಯುವವರಾಗಿರಬೇಕು. ಮೊದಲ ವರ್ಷ ಗೆದ್ದ ಆನ್ ರೌಲಿ ಅವರಿಗೆ ಆಗ 81 ವರ್ಷ. ಮೂರನೆಯ ಸರಣಿಯಲ್ಲಿ ಮ್ಯಾಟ್ ಚಾಪಲ್ ಗೆದ್ದು, ಮೊದಲ ಗಂಡಸು ವಿಜೇತ ಅನ್ನಿಸಿಕೊಂಡರು. 2020ರಲ್ಲಿ ಗೆದ್ದ ಕ್ಲೇರ್ ಬ್ರಾಡ್ಲಿ ಆಸ್ಪತ್ರೆಯ ವೈದ್ಯೆ, 2021ರ ಸೆರೀನಾ ಬೇಕರ್ ವೈದ್ಯಕೀಯ ವಿದ್ಯಾರ್ಥಿನಿ, 2023ರ ಅಸ್ಮಾ ಅಲ್ ಅಲ್ಲಾಕ್ ಶಸ್ತ್ರಚಿಕಿತ್ಸಕಿ. ನಾಲ್ಕು ವರ್ಷಗಳಲ್ಲಿ ಮೂರು ಸಲ ಪ್ರಶಸ್ತಿ ವೈದ್ಯಕೀಯದವರ ಕೈಗೆ ಹೋಯಿತು! ಮೈಯ ಉಬ್ಬುತಗ್ಗು ಗೊತ್ತಿರುವ, ಗಡಿಯಾರ ಓಡುವಾಗಲೂ ನಡುಗದ ಕೈಗಳು ಅವು.

ಕುಷ್ಟಗಿ ತಾಲ್ಲೂಕಿನ ಹನುಮಸಾಗರದಲ್ಲಿ ಕೂತವರಿಗೆ ಬ್ರಿಟನ್ನಿನ ಸ್ಪರ್ಧೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬೇಕು. ನಮ್ಮದು ಅರಿವೆಯ ಸೀಮೆ. ಬಸ್ ಹತ್ತಿದರೆ ಇಳಕಲ್ಲು ದೂರವಲ್ಲ. ಇನ್ನಷ್ಟು ಮುಂದೆ ಹೋದರೆ ಖಣದ ಊರು ಗುಳೇದಗುಡ್ಡ. ಕೊಪ್ಪಳಕ್ಕೆ ಹೋದರೆ ಪಕ್ಕದಲ್ಲೇ ನೇಕಾರರ ಭಾಗ್ಯನಗರ. ಸೆರಗಿನ ತೋಪು ತೆನಿ ಕಂಡ ಕೂಡಲೇ ಇಳಕಲ್ಲಿನದು ಎಂದು ಗುರುತಿಸುವ ಕಣ್ಣು ಈ ಕಡೆಯ ಹೆಣ್ಣುಮಕ್ಕಳಿಗೆ ಓದುಬರಹಕ್ಕಿಂತ ಮೊದಲೇ ಬಂದಿರುತ್ತದೆ. ಆ ಕಣ್ಣಿಟ್ಟುಕೊಂಡು ಈ ಸ್ಪರ್ಧೆ ನೋಡಿದರೆ ಸಿಗುವ ರುಚಿ ಬೇರೆಯೇ. ಯೂಟ್ಯೂಬಿನಲ್ಲಿ ತುಣುಕುಗಳು ಸಿಗುತ್ತವೆ. ಅವರ ಇಂಗ್ಲಿಷು ಓಟದ ಇಂಗ್ಲಿಷು, ಅದರ ಚಿಂತೆ ಬೇಡ. ಧ್ವನಿ ಬಂದ್ ಮಾಡಿ ಕೈಗಳನ್ನಷ್ಟೇ ನೋಡಿ. ಕತ್ತರಿಗೆ, ಸೂಜಿಗೆ ಭಾಷೆ ಬೇಕಿಲ್ಲ.

ಸ್ಪರ್ಧೆಗೆ ಮೂರು ಸುತ್ತು. ಮೊದಲನೆಯದರಲ್ಲಿ ಎಲ್ಲರಿಗೂ ಒಂದೇ ಕಾಗದದ ನಮೂನೆ ಕೊಡುತ್ತಾರೆ, ಬಟ್ಟೆ ಮಾತ್ರ ಅವರವರ ಆಯ್ಕೆ. ಹೆಚ್ಚಿನವರ ಹಣೆಬರಹ ತೀರ್ಮಾನವಾಗುವುದು ಮಷೀನಿನ ಮುಂದಲ್ಲ, ಬಟ್ಟೆಯ ಕಪಾಟಿನ ಮುಂದೆ. ಬಣ್ಣಕ್ಕೆ ಮರುಳಾಗಿ ಜಾರುವ ಸ್ಯಾಟಿನ್ ಎತ್ತಿಕೊಂಡವರು ಮುಂದಿನ ಮೂರು ತಾಸು ಅದರ ಜೊತೆ ಗುದ್ದಾಡುತ್ತಾರೆ. ಮಖಮಲ್ಲು ಆರಿಸಿದವರು ಎಲ್ಲ ತುಂಡುಗಳ ನವಿರನ್ನೂ ಒಂದೇ ದಿಕ್ಕಿಗೆ ಇಡಬೇಕು. ಇಡದಿದ್ದರೆ ಒಂದೇ ಅಂಗಿಯ ಎಡಬಲ ಎರಡು ಬಣ್ಣವಾಗಿ ಕಾಣುತ್ತದೆ. ಹಿಗ್ಗುವ ಬಟ್ಟೆ ತಂದವರು ದುಂಡುಮೊನೆಯ ಸೂಜಿ ಹಾಕಿದರೋ ಇಲ್ಲವೋ ನೋಡಬೇಕು. ಹಾಕದಿದ್ದರೆ ಮಷೀನು ಹೊಲಿಗೆ ಬಿಡುತ್ತಾ ಹೋಗುತ್ತದೆ.

ಬಟ್ಟೆ ಹಾಸುವಾಗ ಎಳೆ ನೋಡುವವರು ಯಾರು, ನೋಡದವರು ಯಾರು ಎಂಬುದರ ಮೇಲೆ ನನ್ನ ಅಂಕ. ಹಾಸಿನ ಎಳೆ ಹಿಗ್ಗುವುದಿಲ್ಲ, ಹೊಕ್ಕಿನದು ತುಸು ಹಿಗ್ಗುತ್ತದೆ, ಓರೆಗೆ ಎಳೆದರೆ ಚೆನ್ನಾಗಿಯೇ ಹಿಗ್ಗುತ್ತದೆ. ನಮ್ಮ ಕ್ರಾಸ್ ಕಟ್ ರವಿಕೆ ಎದೆಗೆ ಹೊಂದಿ ಕೂರುವುದು ಇದೇ ಗುಣದಿಂದ. ಆದರೆ ಬೆನ್ನಿನ ತುಂಡೂ ಓರೆಗೆ ಸಿಕ್ಕಿದರೆ ನಾಲ್ಕು ಸಲ ಒಗೆಯುವುದರೊಳಗೆ ಅಂಗಿ ಒಂದು ಕಡೆ ಜೋಲುತ್ತದೆ. ತೀರ್ಪಿನ ಹೊತ್ತಿಗೆ ಇದು ಕಾಣುವುದಿಲ್ಲ. ಟಿವಿ ಅಂಗಿಯನ್ನು ಯಾರೂ ಒಗೆಯುವುದಿಲ್ಲವಲ್ಲ! ಮನೆಯ ಪ್ರೇಕ್ಷಕರು ಮಾತ್ರ ಆ ನಾಲ್ಕು ಒಗೆತವನ್ನೂ ಲೆಕ್ಕ ಹಿಡಿದು ಅಂಕ ಕೊಡಬಹುದು.

ಎಳೆ ಆದಮೇಲೆ ತೋಳು. ತೋಳಿನ ನೆತ್ತಿಯ ಸುತ್ತಳತೆ ಆರ್ಮ್‌ಹೋಲಿಗಿಂತ ತುಸು ದೊಡ್ಡದಿರುತ್ತದೆ. ಆ ಹೆಚ್ಚಿನದನ್ನು ನೆರಿಗೆ ಬೀಳದ ಹಾಗೆ ಹಂಚಿ ಕೂಡಿಸಬೇಕು. ಗುಂಡುಸೂಜಿ ಚುಚ್ಚಿಕೊಂಡು, ಕೈಹೊಲಿಗೆಯ ಎರಡು ಸಾಲು ಹಾಕಿ ಎಳೆದುಕೊಂಡು ಹೊಲಿಯುವವರು ತಡವಾಗಿ ಮುಗಿಸುತ್ತಾರೆ, ಚೆನ್ನಾಗಿ ಮುಗಿಸುತ್ತಾರೆ. ಹಾಗೇ ಮಷೀನಿಗೆ ಒಡ್ಡಿದವರ ತೋಳು ಭುಜದ ಮೇಲೆ ಮುದುಡಿ ಕೂರುತ್ತದೆ.

ಈ ಸುತ್ತಿಗೆ ನಮ್ಮ ಖಣದ ಕುಬಸ ಕೊಟ್ಟರೆ ಏನಾದೀತು ಎಂದು ಯೋಚಿಸುವುದು ನನ್ನ ಖುಷಿ. ಖಣದ ಬುಟ್ಟಾ ಮೂಡುವುದು ಹಾಸಿನ ಹೆಚ್ಚುವರಿ ಎಳೆಗಳಿಂದ. ಮೇಲೆ ಸೂಜಿಮಲ್ಲಿಗೆ, ಆನೆಹೆಜ್ಜೆ, ತೇರು. ಹಿಂಬದಿಯಲ್ಲಿ ತೇಲುವ ದಾರ. ಲೈನಿಂಗ್ ಕೊಡದಿದ್ದರೆ ತೋಳು ಹಾಕಿಕೊಳ್ಳುವಾಗ ಬಳೆ ಸಿಕ್ಕಿಕೊಳ್ಳುತ್ತದೆ. ಎರಡೂ ಕಿನಾರಿಗೆ ಅಂಚು ಇರುವುದರಿಂದ ಅದು ಎರಡೂ ತೋಳಿನ ತುದಿಗೆ ಸಮನಾಗಿ ಬರುವಂತೆ ಕತ್ತರಿಸಬೇಕು. ತೇರಿನ ಬುಟ್ಟಾ ತಲೆಕೆಳಗಾಗಬಾರದು. ಖಣ ಇರುವುದೇ ಒಂದು ಕುಬಸಕ್ಕೆ ಆಗುವಷ್ಟು. ಎರಡನೆಯ ಸಲ ಕತ್ತರಿಸಲು ಅರಿವೆ ಉಳಿಯುವುದಿಲ್ಲ. ಬಗಲಿಗೊಂದು ಚೌಕ ತುಂಡು ಕೂಡಿಸಿ, ಕೈ ಮೇಲೆತ್ತಿದರೂ ಹರಿಯದ ಹಾಗೆ ಹೊಲಿಯುತ್ತಿದ್ದ ಹಿಂದಿನವರ ಜಾಣತನಕ್ಕೆ ಯಾವ ತೀರ್ಪುಗಾರರೂ ತಲೆದೂಗಬೇಕು. ಸಸಿ ಹಚ್ಚುವ, ಕಳೆ ತೆಗೆಯುವ, ಬುಟ್ಟಿ ಹೊರುವ ಮೈಗೆಂದೇ ಹುಟ್ಟಿದ ಕಟಿಂಗ್ ಅದು.

ಎರಡನೆಯ ಸುತ್ತಿನಲ್ಲಿ ಹಳೆಯ ಬಟ್ಟೆಯನ್ನು ಹೊಸದಾಗಿಸಬೇಕು. ಸಾಮಾನ್ಯವಾಗಿ ಒಂದೂವರೆ ತಾಸು ಸಮಯ. ಟೀ ಶರ್ಟ್, ಪರದೆ, ಕೋಟು ಏನಾದರೂ ಕೊಟ್ಟು ಬೇರೆಯೇ ಉಡುಪು ಮಾಡಿ ಅನ್ನುತ್ತಾರೆ. ಅತಿ ಹೆಚ್ಚು ನಗು, ಅತಿ ಹೆಚ್ಚು ಗೊಂದಲ ಇಲ್ಲಿ. ನನಗೆ ಅತಿ ಕಡಿಮೆ ಇಷ್ಟವಾಗುವ ಸುತ್ತೂ ಇದೇ. ಹೊಲಿಗೆಗಿಂತ ಅಂಟಿಸುವುದು, ಗಂಟು ಹಾಕುವುದು, ಗುಂಡುಸೂಜಿಯಲ್ಲೇ ನಿಲ್ಲಿಸುವುದು ನಡೆಯುತ್ತದೆ. ಗೊಂಬೆಯ ಮೈಮೇಲೆ ಚೆಂದ, ಮನುಷ್ಯರು ತೊಟ್ಟು ಕೂತರೆ ಬಿಚ್ಚಿತು.

ಕೌದಿ ಕಂಡವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಹಳೆ ಸೀರೆ, ಹರಿದ ಧೋತರ, ಕೂಸಿನ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲುಹೊಲಿಗೆ ಹಾಕುತ್ತಾ ಹೋಗುವುದು ನಮ್ಮ ಕಡೆಯ ಪದ್ಧತಿ. ಸವೆದ ನೂಲು ಮೆತ್ತಗಿರುವುದರಿಂದ ಎಳೆಗೂಸಿಗೆ ಅದೇ ಹಿತ. ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ಹೂ ಕೂಡಿಸುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಪೂರ್ತಿಯಾದ ಕೌದಿಯಲ್ಲ. ನಮ್ಮ ತಾಂಡಾಗಳ ಲಂಬಾಣಿ ಹೆಂಗಸರು ತುಂಡುಬಟ್ಟೆ, ಕನ್ನಡಿ, ಕವಡೆ ಕೂಡಿಸಿ ಹೊಲಿದದ್ದು ತಲೆಮಾರು ದಾಟುತ್ತದೆ. ಹಳತನ್ನು ಹೊಸದಾಗಿಸುವ ವಿದ್ಯೆಗೆ ಬೇಕಾದದ್ದು ಬೇಸಿಗೆಯ ಬಿಡುವು, ನೆರೆಮನೆಯ ನಾಲ್ಕು ಕೈ. ಅದನ್ನು ತೊಂಬತ್ತು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ಚಮತ್ಕಾರ ಮಾತ್ರ.

ಮೂರನೆಯ ಸುತ್ತು ಜೀವಂತ ಮೈಗೆ ಹೊಂದುವ ಉಡುಪು. ಕಾರ್ಯಕ್ರಮದ ತೂಕ ಇರುವುದು ಇಲ್ಲಿ. ರೂಪದರ್ಶಿ ಬಂದು ನಿಲ್ಲುತ್ತಾರೆ. ಒಂದು ಭುಜ ಎತ್ತರ, ಬೆನ್ನು ತುಸು ಬಾಗಿದ್ದು, ಸೊಂಟ ಲೆಕ್ಕಕ್ಕಿಂತ ಒಂದಿಂಚು ಹೆಚ್ಚು. ಟಕ್ಸ್ ಎಲ್ಲಿ ಹಿಡಿಯಬೇಕು, ಎಷ್ಟು ಹಿಡಿಯಬೇಕು ಎಂಬುದು ಪುಸ್ತಕದಲ್ಲಿಲ್ಲ, ಎದುರಿನ ಮೈಯಲ್ಲಿದೆ. ನಮ್ಮಲ್ಲಿ ಹೊಲಿಯಲು ಕೊಡುವಾಗ ‘ಅಳತಿ ಕುಬಸ ತಂದೀರೇನು?’ ಎಂದು ಕೇಳುವುದೇ ರೂಢಿ. ಹಳೆಯದರ ಅಳತೆ ಹಿಡಿದು ಹೊಸದು. ಹಳೆಯದರಲ್ಲಿದ್ದ ದೋಷವೂ ಅದರ ಜೊತೆ ವರ್ಷಗಟ್ಟಲೆ ನಡೆದು ಬರುತ್ತದೆ. ಮುಂದೆ ಗಂಟು ಕಟ್ಟುವ ಹಳೆ ಕುಬಸಕ್ಕೆ ಆ ತೊಂದರೆ ಇರಲಿಲ್ಲ. ಬಸುರಿಯಾದರೂ ಬಾಣಂತಿಯಾದರೂ ಗಂಟು ಸಡಿಲಿಸಿದರೆ ಆಯಿತು. ಹುಕ್ಕಿನ ಸಾಲು ಬಂದ ಮೇಲೆ ಅಂಗಿ ಮೈಗೆ ಹೊಂದಬೇಕಾಯಿತು, ಹೊಂದದಿದ್ದರೆ ಮೈಯೇ ಅಂಗಿಗೆ ಹೊಂದಿಕೊಳ್ಳಬೇಕಾಯಿತು. ಸ್ಪರ್ಧೆಯ ಈ ಸುತ್ತನ್ನು ಮತ್ತೆ ಮತ್ತೆ ನೋಡಿದರೆ ಟೇಪು ಹಿಡಿಯುವ ಕೈ ನಿಮಗೇ ಗೊತ್ತಿಲ್ಲದೆ ತಿದ್ದಿಕೊಳ್ಳುತ್ತದೆ.

ತೀರ್ಪುಗಾರರ ಬಗ್ಗೆ ಎರಡು ಮಾತು. ಪ್ಯಾಟ್ರಿಕ್ ಗ್ರಾಂಟ್ ಲಂಡನ್ನಿನ ಸೂಟು ಹೊಲಿಯುವವರ ಬೀದಿ ಸ್ಯಾವಿಲ್ ರೋ ಕಡೆಯವರು. ಅಲ್ಲಿನ ಹಳೆಯ ನಾರ್ಟನ್ ಆ್ಯಂಡ್ ಸನ್ಸ್ ಅಂಗಡಿಯನ್ನು 2005ರಲ್ಲಿ ಕೊಂಡವರು. ಮೊದಲ ಮೂರು ಸರಣಿಗಳಲ್ಲಿ ಅವರ ಜೊತೆಗಿದ್ದವರು ಹೊಲಿಗೆ ಶಿಕ್ಷಕಿ ಮೇ ಮಾರ್ಟಿನ್. 2016ರಿಂದ ಎಸ್ಮೆ ಯಂಗ್ ಬಂದರು; 1970ರ ದಶಕದಲ್ಲಿ ಸ್ವಾಂಕಿ ಮೋಡ್ಸ್ ಎಂಬ ಉಡುಪಿನ ಅಂಗಡಿ ಕಟ್ಟಿದವರಲ್ಲಿ ಒಬ್ಬರು, ಸಿನಿಮಾಗಳಿಗೂ ಉಡುಪು ಹೊಲಿದವರು. ಎಸ್ಮೆ ಮೆಚ್ಚುವುದು ಕಡಿಮೆ, ಮೆಚ್ಚಿದರೆ ಕಾರಣ ಹೇಳುತ್ತಾರೆ. ಇಬ್ಬರೂ ಚೆಂದಕ್ಕೆ ಅರ್ಧ ಅಂಕ, ಕಟ್ಟುನಿಟ್ಟಿಗೆ ಅರ್ಧ ಅಂಕ ಕೊಡುವ ಜಾತಿ.

ಆದರೂ ಒಳಮೈ ನೋಡುವ ಕಣ್ಣನ್ನು ನಾವು ಬ್ರಿಟನ್ನಿನಿಂದ ಕಲಿಯಬೇಕಿಲ್ಲ. ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಅರಿವೆಯ ಎರಡೂ ಬದಿಗೆ ಒಂದೇ ಸಮ ಕಾಣಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಎಳೆ ಎಣಿಸಿ ಹೊರಟ ಸೂಜಿ ಗೋಪುರವನ್ನೋ ತೇರನ್ನೋ ಸುತ್ತಿ, ಬಿಟ್ಟ ಸ್ಥಳಗಳನ್ನು ತುಂಬುತ್ತಾ ಹೊರಟಲ್ಲಿಗೇ ಬರಬೇಕು. ‘ಒಳಗ ನೋಡವಾ, ಹೊರಗ ಯಾರರ ಚಂದ ಮಾಡ್ತಾರ’ ಎಂದು ಹಿರಿಯರು ಹೊಸ ಸೊಸೆಯ ಕೈಕೆಲಸ ತಿರುಗಿಸಿ ನೋಡುತ್ತಿದ್ದದ್ದು ಇದಕ್ಕೇ. ಸೀರೆಯುಡುವ ಈ ನಾಡಿನಲ್ಲಿ ಆ ತೀರ್ಪು ನಡುಮನೆಯಲ್ಲೇ ಮುಗಿಯುತ್ತಿತ್ತು. ಬ್ರಿಟನ್ನಿನಲ್ಲಿ ಅದಕ್ಕೆ ಕ್ಯಾಮೆರಾ ಸಿಕ್ಕಿತು, ಇಷ್ಟೇ ವ್ಯತ್ಯಾಸ.

ಇನ್ನೊಂದು ವ್ಯತ್ಯಾಸವೂ ಇದೆ, ಅದು ದೊಡ್ಡದು. ಅಲ್ಲಿ ಮನೆಹೊಲಿಗೆ ಎಂದರೆ ಹವ್ಯಾಸ. ಇಲ್ಲಿ ಮನೆಯಲ್ಲಿ ಹೊಲಿಯುವವಳು ಬೆಳಿಗ್ಗೆ ಮಗಳ ಲಂಗ ಹೊಲಿದು, ಮಧ್ಯಾಹ್ನ ನೆರೆಯವರ ಸೀರೆಗೆ ಫಾಲು ಹಚ್ಚಿ, ಸಂಜೆ ಮದುವೆ ಮನೆಯ ರವಿಕೆಗಳ ಗಂಟು ಬಿಚ್ಚುತ್ತಾಳೆ. ಅವಳು ಹವ್ಯಾಸಿಯೋ ವೃತ್ತಿಯವಳೋ? ಕರೆಂಟು ಹೋದರೆ ಕಾಲಿನ ಮಷೀನು ತುಳಿಯುತ್ತಾಳೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು, ಉಪಕರಣಕ್ಕೆ 15 ಸಾವಿರ ರೂಪಾಯಿಯ ನೆರವಿದೆ. ಹಾಗೆಂದು ಮಷೀನು ಸಿಕ್ಕ ಮಾತ್ರಕ್ಕೆ ಮರ್ಯಾದೆ ಸಿಗುವುದಿಲ್ಲ. ತೋಳು ಕೂಡಿಸುವುದು ಎಷ್ಟು ಕಷ್ಟ ಎಂದು ನೋಡಿ ತಿಳಿದ ಗಿರಾಕಿ ಮಾತ್ರ ಕೂಲಿಗೆ ಚೌಕಾಸಿ ಮಾಡುವುದಿಲ್ಲ.

ಆದ್ದರಿಂದ ನಮ್ಮ ವಾಹಿನಿಗಳಿಗೊಂದು ಬೇಡಿಕೆ. ‘ಎದೆ ತುಂಬಿ ಹಾಡುವೆನು’, ‘ಸರಿಗಮಪ’ ನೋಡಿ ನೋಡಿ ಸಂಗೀತ ಕಲಿಯದವರೂ ‘ಶ್ರುತಿ ತಪ್ಪಿತು’ ಎನ್ನುವಷ್ಟು ಕಿವಿ ಪಳಗಿಸಿಕೊಂಡರು. ಹೊಲಿಗೆಗೂ ಒಂದು ವೇದಿಕೆ ಕೊಡಿ. ಮೊದಲ ಸುತ್ತಿಗೆ ಖಣದ ಕುಬಸ, ಎರಡನೆಯದಕ್ಕೆ ಕೌದಿ, ಮೂರನೆಯದಕ್ಕೆ ಎದುರಿಗೆ ನಿಂತ ಮೈಗೆ ರವಿಕೆ. ಕೌದಿಗೆ ತೊಂಬತ್ತು ನಿಮಿಷ ಬೇಡ, ವಾರಗಟ್ಟಲೆ ಸಮಯ ಕೊಟ್ಟು ನಡುನಡುವೆ ತೋರಿಸಿ. ಕೂಲಿಗೆ ಹೊಲಿಯುವ ಮನೆಯ ಹೆಣ್ಣುಮಕ್ಕಳನ್ನು ಹೊರಗಿಡಬೇಡಿ. ಅಳುವ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಹಾಕುವ ಬದಲು ಹೊಲಿಗೆ ಬಿಚ್ಚುವ ಕೈಯನ್ನು ಹತ್ತಿರದಿಂದ ತೋರಿಸಿ.

ಅದು ಬರುವ ತನಕ ಓದುಗರು ಸುಮ್ಮನಿರಬೇಕಿಲ್ಲ. ಪೇಪರ್ ಕಟಿಂಗ್ ಕಲಿಯಲು ದುಡ್ಡು ಬೇಡ, ಅಳತೆಪಟ್ಟಿ, ಪೆನ್ಸಿಲ್, ಕತ್ತರಿ ಸಾಕು. ಓದಿಯಾದ ಮೇಲೆ ಈ ಪತ್ರಿಕೆಯನ್ನು ರದ್ದಿಗೆ ಹಾಕಬೇಡಿ. ಇದರ ಹಾಳೆಗಳಲ್ಲೇ ರವಿಕೆಯ ಬೆನ್ನು, ಮುಂಭಾಗ, ತೋಳು ಮೂರೂ ಬರುತ್ತವೆ.