ಅರ್ಜಿಯಲ್ಲಿ ಕಾಣದ ಸಂಶೋಧನೆ

ಪಿಎಚ್.ಡಿ. ಮುಗಿಸಿ ಕಾಲೇಜಿನಾಚೆ ಕೆಲಸ ಹುಡುಕುವವರ ಬಯೋಡೇಟಾದಲ್ಲಿ ಮಹಾಪ್ರಬಂಧದ ಶೀರ್ಷಿಕೆ, ಮಾರ್ಗದರ್ಶಕರ ಹೆಸರು, ವಿಚಾರ ಸಂಕಿರಣಗಳ ಪಟ್ಟಿ ಎಲ್ಲವೂ ಇರುತ್ತವೆ. ಅಷ್ಟು ವರ್ಷ ಅವರು ಮಾಡಿದ್ದೇನು ಎಂಬುದು ಮಾತ್ರ ಇರುವುದಿಲ್ಲ. ಬ್ರಿಟನ್ನಿನ ವಿಟೇ ಸಂಸ್ಥೆ 2010ರಲ್ಲಿ ಸಂಶೋಧಕರ ಸಾಮರ್ಥ್ಯಗಳನ್ನು ನಾಲ್ಕು ವಲಯ, 63 ಅಂಶಗಳಲ್ಲಿ ಗುರುತಿಸಿತು. ಪಾಂಡಿತ್ಯದ ಜೊತೆಗೆ ಕೆಲಸದ ನಿರ್ವಹಣೆ, ನೈತಿಕ ಹೊಣೆ, ಜನರೊಡನೆ ಒಡನಾಟ ಇವನ್ನೂ ಲೆಕ್ಕಕ್ಕೆ ಹಿಡಿದದ್ದು ಅದರ ದೊಡ್ಡ ಗುಣ. ಆದರೆ ಇಂಥ ಪಟ್ಟಿಯಿಂದ ‘ಸಂವಹನ, ಸಮಸ್ಯೆ ಪರಿಹಾರ, ಸಮಯಪಾಲನೆ’ ಎಂದು ಎತ್ತಿ ಬರೆದರೆ ಏನೂ ಹೇಳಿದಂತಾಗದು. ಯಾವ ಪದವೀಧರರೂ ಅದನ್ನೇ ಬರೆಯಬಲ್ಲರು. ಸಾಮರ್ಥ್ಯ ತಿಳಿಯುವುದು ಸಂಶೋಧಕರು ಕೈಗೊಂಡ ತೀರ್ಮಾನಗಳಿಂದ.

ಮಲೆ ಮಾದೇಶ್ವರ ಕಾವ್ಯದ ಅಧ್ಯಯನವನ್ನೇ ನೋಡಿ. ಕಂಸಾಳೆ ಕಲಾವಿದರ ಹಾಡನ್ನು ಧ್ವನಿಮುದ್ರಿಸಿ ಬರಹಕ್ಕಿಳಿಸುವಾಗ ಹೆಜ್ಜೆಹೆಜ್ಜೆಗೂ ಪ್ರಶ್ನೆ ಏಳುತ್ತದೆ. ಚಾಮರಾಜನಗರದ ಆಡುಮಾತನ್ನು ಕಿವಿಗೆ ಬಿದ್ದಂತೆಯೇ ಬರೆಯಬೇಕೆ, ಗ್ರಾಂಥಿಕ ರೂಪಕ್ಕೆ ತಿದ್ದಬೇಕೆ? ಹಿಮ್ಮೇಳದ ದನಿಯಲ್ಲಿ ಮುಖ್ಯ ಗಾಯಕರ ಪದ ಮುಳುಗಿದಲ್ಲಿ ಊಹಿಸಿ ತುಂಬಬೇಕೆ, ಖಾಲಿ ಬಿಟ್ಟು ಗುರುತು ಹಾಕಬೇಕೆ? ಒಮ್ಮೆ ಮಾಡಿಕೊಂಡ ನಿಯಮವನ್ನು ನೂರಾರು ಪುಟ ಪಾಲಿಸಬೇಕು, ಮೌಖಿಕ ಪರೀಕ್ಷೆಯಲ್ಲಿ ಸಮರ್ಥಿಸಿಕೊಳ್ಳಬೇಕು. ಕೇಂದ್ರ ಸರ್ಕಾರದ ಭಾಷಿಣಿಯಂಥ ಭಾಷಾ ತಂತ್ರಜ್ಞಾನ ಯೋಜನೆಗಳಲ್ಲಿ ಕಂಪ್ಯೂಟರಿಗೆ ಕನ್ನಡದ ಮಾತು ಕಲಿಸಲು ಬೇಕಾದದ್ದು ಇದೇ ಶಿಸ್ತು. ‘ಆಡುಮಾತಿನ ಬರವಣಿಗೆಗೆ ನಿಯಮ ರೂಪಿಸಿ, ಹಲವು ಗಾಯಕರ ಧ್ವನಿಮುದ್ರಿಕೆಗಳಿಗೆ ಒಂದೇ ರೀತಿ ಅನ್ವಯಿಸಿದ್ದೇನೆ’ ಎಂಬ ಒಂದು ವಾಕ್ಯಕ್ಕಿರುವ ತೂಕ ಇಡೀ ಶೀರ್ಷಿಕೆಗಿಲ್ಲ.

ಹೀಗೆ ಬರೆಯುವುದೆಂದರೆ ವಿದ್ಯೆಯನ್ನು ಮಾರುಕಟ್ಟೆಯ ಸರಕಾಗಿಸಿದಂತೆ ಎಂಬ ಆಕ್ಷೇಪವಿದೆ. ನನಗದು ಒಪ್ಪಿಗೆಯಿಲ್ಲ. ಪಟ್ಟ ಶ್ರಮವನ್ನು ಹೆಸರಿಟ್ಟು ಹೇಳಿದರೆ ವಿದ್ಯೆಗೆ ಕುಂದಿಲ್ಲ. ಅದೂ ಅಲ್ಲದೆ, 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್, ಸ್ಲೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಎಂದು ಯುಜಿಸಿಯೇ ಹೇಳಿದ ಮೇಲೆ, ಸಂಶೋಧಕರನ್ನು ಪಾಠದ ಕೆಲಸವೊಂದಕ್ಕೇ ಕಾಯಿಸುವುದು ಅನ್ಯಾಯ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕಳಪೆ ಪ್ರಬಂಧಕ್ಕೂ ಪದವಿ ಸಿಗುವಾಗ ಅರ್ಜಿಯ ಈ ಮಾತನ್ನು ನಂಬುವುದು ಹೇಗೆ? ನಂಬಬೇಕಿಲ್ಲ. ಬರವಣಿಗೆಗೆ ರೂಪಿಸಿದ ನಿಯಮಗಳ ಪುಟವನ್ನೂ ಗುರುತು ಹಾಕಿದ ಬರಹದ ಒಂದು ಹಾಳೆಯನ್ನೂ ಅರ್ಜಿಯ ಜೊತೆಗಿಟ್ಟರೆ ಕೆಲಸ ಬಲ್ಲವರು ಅಳೆದು ನೋಡುತ್ತಾರೆ. ಇದಕ್ಕೆ ವಿಭಾಗಗಳು ಹೊಸ ತರಬೇತಿ ನಡೆಸಬೇಕಾಗಿಲ್ಲ. 2022ರ ಯುಜಿಸಿ ನಿಯಮದಂತೆ ಪ್ರತಿ ಸೆಮಿಸ್ಟರಿಗೂ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಇಡಲೇಬೇಕು. ಅದರಲ್ಲಿ ‘ಎರಡನೇ ಅಧ್ಯಾಯ ಮುಗಿದಿದೆ’ ಎಂದಷ್ಟೇ ಬರೆಸದೆ, ಯಾವ ದಾರಿ ಕೈಬಿಟ್ಟಿರಿ, ಏಕೆ ಎಂದು ಕೇಳಿ ಬರೆಸಿದರೆ ಅರ್ಜಿಗೆ ಬೇಕಾದ ಸಾಮಗ್ರಿ ಅಲ್ಲೇ ಸಿದ್ಧವಾಗುತ್ತದೆ.