ದೂರದ ಮಸೂರ, ಹತ್ತಿರದ ಮುಖ: ಜಾನ್ ನೋಯೆಲ್‌ನ ಎವರೆಸ್ಟ್ ಚಿತ್ರ

ಸ್ಕ್ರೀನ್ ಎಲ್ಲರಿಗೂ ಕಾಣ್ತಾ ಉಂಟಲ್ಲ? ಸರಿ.

ನಾನು ಮಾತಾಡುವುದು ಬ್ರಿಟಿಷ್ ಚಿತ್ರನಿರ್ಮಾಪಕ ಜಾನ್ ನೋಯೆಲ್ ಬಗ್ಗೆ, ಮುಖ್ಯವಾಗಿ ಆತನ 1924ರ ‘ದಿ ಎಪಿಕ್ ಆಫ್ ಎವರೆಸ್ಟ್’ ಬಗ್ಗೆ. ಇದನ್ನು ಸಾಮಾನ್ಯವಾಗಿ ಮ್ಯಾಲರಿ, ಇರ್ವಿನ್ ಕಾಣೆಯಾದ ಯಾತ್ರೆಯ ದಾಖಲೆ ಅಂತ ನೋಡುತ್ತೇವೆ. ಬಿಡುಗಡೆಯ ವೇಳೆ ಎದ್ದ ‘ಕುಣಿಯುವ ಲಾಮಾಗಳ’ ಗಲಾಟೆಯನ್ನು ಪ್ರಚಾರದ ಎಡವಟ್ಟು ಅಂತ ಬದಿಗಿಡುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಗಲಾಟೆಯ ಬೀಜ ಚಿತ್ರದ ಒಳಗೇ ಉಂಟು.

ನೋಯೆಲ್ ಭಾರತದಲ್ಲಿದ್ದ ಸೇನಾಧಿಕಾರಿ. 1913ರಲ್ಲಿ ವೇಷ ಮರೆಸಿಕೊಂಡು, ಪರವಾನಗಿ ಇಲ್ಲದೆ ಟಿಬೆಟ್ ಹೊಕ್ಕವನು. ಎವರೆಸ್ಟ್‌ಗೆ ಇನ್ನು ಸುಮಾರು 40 ಮೈಲಿ ಅನ್ನುವಾಗ ಅಲ್ಲಿನವರು ತಡೆದು ವಾಪಸ್ ಕಳಿಸಿದರು. 1919ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಇದರ ಬಗ್ಗೆಯೇ ಉಪನ್ಯಾಸ ಕೊಟ್ಟ. ಗಡಿ ಅಂದ್ರೆ ಕಾಸರಗೋಡಿನ ನಮಗೆ ದಿನಾ ದಾಟುವ ಜಾಗ, ಅದಕ್ಕೆ ಯಾರೂ ಉಪನ್ಯಾಸಕ್ಕೆ ಕರೆಯುವುದಿಲ್ಲ! ಇರಲಿ.

1922ರ ಯಾತ್ರೆಗೆ ಅವನೇ ಛಾಯಾಗ್ರಾಹಕ. ಫಿಲ್ಮನ್ನು ಡೇರೆಯೊಳಗೇ ತೊಳೆದು, ಯಾಕ್ ಸೆಗಣಿಯ ಬೆಂಕಿಯಲ್ಲಿ ಒಣಗಿಸಿದ. 1924ಕ್ಕೆ ಲೆಕ್ಕಾಚಾರವೇ ಬದಲಾಯಿತು. ಚಿತ್ರದ ಹಕ್ಕುಗಳಿಗೆ 8,000 ಪೌಂಡ್ ಕೊಟ್ಟ, ಯಾತ್ರೆಯ ಖರ್ಚಿನ ದೊಡ್ಡ ಪಾಲು ಅದರಿಂದಲೇ ಬಂತು. ಡಾರ್ಜಿಲಿಂಗ್‌ನಲ್ಲಿ ಪ್ರಯೋಗಾಲಯ ಕಟ್ಟಿಸಿದ. ಅಂದರೆ ಬೆಟ್ಟ ಹತ್ತುವುದಕ್ಕೆ ಮೊದಲೇ ಬೆಟ್ಟವನ್ನು ಮಾರಲೇಬೇಕಾದ ಸ್ಥಿತಿ.

ಈಗ ಚಿತ್ರಕ್ಕೆ ಬರುತ್ತೇನೆ. ದೂರವನ್ನು ನೋಡುವುದರಲ್ಲಿ ನೋಯೆಲ್‌ನಷ್ಟು ತಾಳ್ಮೆ ನಾನು ಬೇರೆ ಕಡೆ ಕಂಡದ್ದು ಕಡಿಮೆ. ಟೆಲಿಫೋಟೋ ಮಸೂರದಲ್ಲಿ ಮೈಲಿಗಟ್ಟಲೆ ದೂರದ ಇಳಿಜಾರು, ಅದರ ಮೇಲೆ ಇರುವೆಗಳಂತೆ ಹತ್ತುವವರು. ಮುಖವಿಲ್ಲ, ಭಾವವಿಲ್ಲ. ಜೂನ್ 8ರಂದು ಇಬ್ಬರು ಕಾಣೆಯಾದ ಕ್ಷಣದ ಚಿತ್ರ ಅವನಲ್ಲಿಲ್ಲ. ಇರುವುದು ನಂತರದ ಸಂಕೇತ: ಹಿಮದ ಮೇಲೆ ಶಿಲುಬೆಯಾಕಾರದಲ್ಲಿ ಹಾಸಿದ ಕಂಬಳಿಗಳು, ಆಸೆ ಬಿಡಿ ಅನ್ನುವ ಅರ್ಥದಲ್ಲಿ. ಅದನ್ನೂ ದೂರದಿಂದಲೇ ತೋರಿಸುತ್ತಾನೆ. ಸಾವನ್ನು ಇಷ್ಟು ಸಂಯಮದಿಂದ ತೋರಿಸಿದವನ ಬಗ್ಗೆ ಗೌರವ ಹುಟ್ಟುತ್ತದೆ.

ಅದೇ ಕ್ಯಾಮೆರಾ ಟಿಬೆಟಿನ ಹಳ್ಳಿಗಳಲ್ಲಿ ಜನರ ಹತ್ತಿರ ಹೋದಾಗ ಸಂಯಮ ಎಲ್ಲಿ ಹೋಯಿತು? ಶೀರ್ಷಿಕೆ ಫಲಕಗಳು ಅವರ ಕೊಳಕಿನ ಬಗ್ಗೆ ತಮಾಷೆ ಮಾಡುತ್ತವೆ. ದಾರಿಯಲ್ಲಿ ಹುಟ್ಟಿದ ಕತ್ತೆಮರಿಗೆ ಸಿಕ್ಕ ಅಕ್ಕರೆ ಅಲ್ಲಿನ ಮನುಷ್ಯರಿಗೆ ಸಿಗುವುದಿಲ್ಲ. ತಲೆಯ ಹೇನು ಹೆಕ್ಕುವ ದೃಶ್ಯದ ಬಗ್ಗೆ ಟಿಬೆಟಿನವರು ಮುಂದೆ ಆಕ್ಷೇಪ ಎತ್ತಿದ್ದು ಸುಮ್ಮನೆ ಅಲ್ಲ. ಕೊನೆಗೆ ಬೆಟ್ಟವನ್ನು ಕಾಣದ ಶಕ್ತಿಯೊಂದು ಕಾಯುತ್ತಿರಬಹುದೇ ಅಂತ ಚಿತ್ರ ಕೇಳುತ್ತದೆ. ಅಂದ್ರೆ ಅವರ ನಂಬಿಕೆ ಬೇಕು, ಅವರ ಘನತೆ ಬೇಡ.

ಲಂಡನ್ ಪ್ರದರ್ಶನಕ್ಕೆ ಗ್ಯಾಂಟ್ಸೆಯಿಂದ ಏಳು ಲಾಮಾಗಳನ್ನು ಕರೆತಂದು ವೇದಿಕೆಯಲ್ಲಿ ಕುಣಿಸಿದ್ದು ಈ ನೋಟದ್ದೇ ಮುಂದುವರಿಕೆ. ತೆರೆಯ ಮೇಲಿದ್ದದ್ದನ್ನು ವೇದಿಕೆಗೆ ಇಳಿಸಿದ, ಅಷ್ಟೇ. ಲಾಸಾ ಸಿಟ್ಟಾಯಿತು. ತಂಡದ ಹ್ಯಾಜರ್ಡ್ ಅನುಮತಿ ಇಲ್ಲದ ಕಡೆ ಸರ್ವೇಗೆ ಹೋದದ್ದೂ ಒಂದು ಕಾರಣ ಹೌದು, ಎಲ್ಲ ತಪ್ಪನ್ನೂ ಚಿತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಬ್ರಿಟಿಷರಿಗೆ ಮತ್ತೆ ಎವರೆಸ್ಟ್ ಯಾತ್ರೆ ಸಾಧ್ಯವಾದದ್ದು 1933ರಲ್ಲಿ, ಅದರಲ್ಲಿ ನೋಯೆಲ್ ಇಲ್ಲ. 1989ರವರೆಗೆ ಬದುಕಿದ, ಇಂಥ ಇನ್ನೊಂದು ಚಿತ್ರ ಮಾಡಲಿಲ್ಲ.

2013ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಚಿತ್ರವನ್ನು ಜೀರ್ಣೋದ್ಧಾರ ಮಾಡಿತು. ಬಣ್ಣ ಹಚ್ಚಿದ ಹಿಮದ ದೃಶ್ಯಗಳು ಅದ್ಭುತ, ದಯವಿಟ್ಟು ನೋಡಿ. ಆದರೆ ಮೊದಲರ್ಧವನ್ನು ಓಡಿಸಿಬಿಡಬೇಡಿ, ಎಲ್ಲರೂ ಓಡಿಸುವುದು ಅದನ್ನೇ. 1922ರ ಹಿಮಪಾತದಲ್ಲಿ ಸತ್ತ ಏಳು ಹೊರೆಯಾಳುಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತುಂಟು? ಚರ್ಚೆಯಲ್ಲಿ ಅದಕ್ಕೆ ಬರೋಣ. ಪ್ರಶ್ನೆ ಇದ್ದವರು ಚಾಟಿನಲ್ಲಿ ಹಾಕಿ.