ಗಾಜಿನ ಪಾತ್ರೆಗಳು: ವಸ್ತು, ಮಾತು, ಪಂಕ್ತಿ

ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಊಟದ ಪಾತ್ರೆಗಳನ್ನು ಇಟ್ಟಿರುವ ಕೊಠಡಿಗಳು ನೋಡುವವರ ಕಣ್ಣನ್ನು ಬೇಗನೆ ದಣಿಸುತ್ತವೆ. ಶಿಲ್ಪವಾದರೆ ಮುಖವುಂಟು, ಚಿತ್ರವಾದರೆ ಕಥೆಯುಂಟು. ಬಟ್ಟಲು, ಹೂಜಿ, ಪಾನಪಾತ್ರೆಗಳಲ್ಲಿ ಹೊಳಪಲ್ಲದೆ ಬೇರೇನೂ ಇಲ್ಲವೆಂದು ತೋರುವುದು. ಆದುದರಿಂದ ಇವುಗಳ ವಿಷಯದಲ್ಲಿ ಬರೆಯಲ್ಪಟ್ಟುದೆಲ್ಲ ಬಹುಮಟ್ಟಿಗೆ ಒಡೆಯರ ವೈಭವದ ವರ್ಣನೆಯೇ ಆಗಿದೆ. ವಿಮರ್ಶೆಯ ಕೆಲಸವು ಇಲ್ಲಿ ಇನ್ನೂ ಮೊದಲಾಗಬೇಕಾಗಿದೆಯೆಂದರೆ ಅತಿಶಯೋಕ್ತಿಯಲ್ಲ.

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವು ಈ ವಿಚಾರಕ್ಕೆ ತಕ್ಕ ಉದಾಹರಣೆ. ಮೂರನೆಯ ಸಾಲಾರ್ ಜಂಗರೆನಿಸಿದ ಮೀರ್ ಯೂಸುಫ್ ಅಲೀ ಖಾನರು (1889-1949) ಕೂಡಿಟ್ಟ ವಸ್ತುಗಳು 1951ರಲ್ಲಿ ಅವರ ಮನೆಯಾದ ದಿವಾನ್ ದೇವಡಿಯಲ್ಲಿಯೇ ಸಾರ್ವಜನಿಕರಿಗೆ ತೆರೆಯಲ್ಪಟ್ಟು, 1968ರಲ್ಲಿ ಮೂಸಿ ನದಿಯ ದಂಡೆಯ ಹೊಸ ಕಟ್ಟಡಕ್ಕೆ ಬಂದುವು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದು ಸಂಸ್ಥಾನದ ಸೀಮೆಯಲ್ಲಿಯೇ ಇದ್ದುದರಿಂದ ಈ ಸಂಗ್ರಹವು ಕನ್ನಡಿಗರಿಗೆ ಪರಕೀಯವಲ್ಲ. ಇಂಗ್ಲೆಂಡು, ಐರ್ಲೆಂಡು, ಫ್ರಾನ್ಸು, ಬೊಹೀಮಿಯ, ವೆನಿಸ್ ಮುಂತಾದ ಕಡೆಗಳ ಗಾಜು ಇಲ್ಲಿ ಒಟ್ಟುಗೂಡಿದೆ. ದೇಶದ ಹೆಸರಿನಿಂದ ವಿಂಗಡಿಸುವುದು ಸಂಗ್ರಾಹಕರಿಗೆ ಅನುಕೂಲ. ಆದರೆ ಪಾತ್ರೆಯು ಹೇಗೆ ಹುಟ್ಟಿತೆಂಬ ಮೊದಲ ಪ್ರಶ್ನೆಯನ್ನು ಅದು ಮರೆಸುತ್ತದೆ.

ಹುಟ್ಟಿನ ದೃಷ್ಟಿಯಿಂದ ನೋಡಿದರೆ ಊದಿದ ಗಾಜು, ಒತ್ತಿದ ಗಾಜು ಎಂದು ಎರಡು ಮುಖ್ಯ ಕುಲಗಳಾಗುತ್ತವೆ. ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜನ್ನು ಸುತ್ತಿ ಬಾಯಿಯಿಂದ ಊದುವ ವಿದ್ಯೆಯು ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಹೊತ್ತಿಗೆ ಸಿರಿಯಾ ಪ್ಯಾಲೆಸ್ತೀನುಗಳ ಕಡೆಯಲ್ಲಿ ಹುಟ್ಟಿತು. ಇದರಿಂದಾದ ಪಾತ್ರೆಯ ದಪ್ಪವು ಎಲ್ಲೆಡೆಯೂ ಒಂದೇ ಆಗಿರದು. ಬುಡದಲ್ಲಿ ಸರಳನ್ನು ಮುರಿದು ಬಿಡಿಸಿದ ಗಾಯದ ಗುರುತು ಉಳಿದಿರುವುದುಂಟು. ಅಚ್ಚಿನೊಳಗೆ ಊದಿದುದಾದರೆ ಹೊರಮೈಯ ಉಬ್ಬುತಗ್ಗುಗಳು ಒಳಗಡೆಗೂ ಮೂಡಿರುತ್ತವೆ. ಒತ್ತಿದ ಗಾಜಿನಲ್ಲಿ ಹಾಗಲ್ಲ. ಲೋಹದ ಅಚ್ಚಿನಲ್ಲಿ ಗಾಜಿನ ಮುದ್ದೆಯನ್ನು ಬೀಳಿಸಿ ಮೇಲಿನಿಂದ ಒನಕೆಯಂತಹ ದಿಂಡನ್ನು ಒತ್ತುವುದರಿಂದ ಹೊರಗೆ ಎಷ್ಟೇ ಚಿತ್ರವಿದ್ದರೂ ಒಳಮೈ ನುಣುಪು. ಅಚ್ಚಿನ ಹೋಳುಗಳು ಕೂಡಿದ ಕಡೆ ಸಣ್ಣ ಗೆರೆಯೊಂದು ನಿಂತಿರುತ್ತದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಉಪಾಧ್ಯಾಯರು ಇಷ್ಟನ್ನು ತಿಳಿಸಿದರೂ ಸಾಕು, ಕೊಠಡಿಯ ಮೌನವು ಒಡೆಯುವುದು.

ಒತ್ತುವ ಯಂತ್ರವು 1820ರ ದಶಕದಲ್ಲಿ ಅಮೆರಿಕೆಯಲ್ಲಿ ಬಳಕೆಗೆ ಬಂದಿತು. ಅದರ ಉದ್ದೇಶವು ಅನುಕರಣ. ರೇವನ್ಸ್‌ಕ್ರಾಫ್ಟ್ ಎಂಬವನು 1674ರಲ್ಲಿ ಹಕ್ಕುಪತ್ರವನ್ನು ಪಡೆದಾದ ಮೇಲೆ ಇಂಗ್ಲೆಂಡಿನಲ್ಲಿ ಸೀಸ ಬೆರೆತ ಗಾಜು ಬೆಳೆಯಿತು. ಅದು ತೂಕವಾದುದು, ಮೆತ್ತನೆಯದು, ಬೆಳಕನ್ನು ಚೆನ್ನಾಗಿ ಮುರಿಯುವಂತಹುದು. ಸಾಣೆಚಕ್ರಕ್ಕೆ ಹಿಡಿದು ಮುಖಗಳನ್ನು ಕಡೆಯಲು ಅನುಕೂಲವಾದುದು. ಈ ಕಡೆತಕ್ಕೆ ಕುಶಲನಾದ ಕೆಲಸಗಾರನೂ ಬಹಳ ಹೊತ್ತೂ ಬೇಕು. ಇಂಗ್ಲೆಂಡಿನ ಸರಕಾರವು 1745ರಿಂದ 1845ರವರೆಗೆ ಗಾಜಿನ ಮೇಲೆ ಸುಂಕವನ್ನು ಹಾಕುತ್ತಿದ್ದುದರಿಂದ ತೂಕವೇ ಬೆಲೆಯಾಗಿದ್ದಿತು. ಒತ್ತಿದ ಗಾಜು ಇದೇ ಕಡೆತದ ನಮೂನೆಗಳನ್ನು ಕ್ಷಣಮಾತ್ರದಲ್ಲಿ ಮೂಡಿಸಿ ಬಡವನ ಮೇಜಿಗೂ ತಂದಿತು. ಅಂಚನ್ನು ಬೆರಳಿನಿಂದ ಮುಟ್ಟಿದರೆ ವ್ಯತ್ಯಾಸವು ಒಡನೆಯೇ ತಿಳಿಯುವುದು: ಕಡೆದುದು ಚುರುಕು, ಒತ್ತಿದುದು ಮೊಂಡು. ರಸಿಕರು ಈ ಮೊಂಡುತನವನ್ನು ಕೀಳೆಂದು ಎಣಿಸಿದ್ದಾರೆ. ಆದರೆ ಅಮೆರಿಕೆಯ ಮೊದಲ ಕಾಲದ ಒತ್ತುಗಾಜಿನಲ್ಲಿ ಹಿನ್ನೆಲೆಯನ್ನೆಲ್ಲ ಸಣ್ಣ ಚುಕ್ಕೆಗಳಿಂದ ತುಂಬಿ, ತಣ್ಣನೆಯ ಅಚ್ಚು ಉಂಟುಮಾಡುವ ಕಲೆಗಳನ್ನು ಮರೆಸಿದ ಬಗೆಯು ಅನುಕರಣವೆಂಬ ಮಾತಿಗೆ ಸಿಲುಕುವುದಿಲ್ಲ. ಅದು ಯಂತ್ರಕ್ಕೆ ಸಹಜವಾದ ಅಲಂಕಾರ. ಕಡೆಯುವವನ ಕೈಗೆ ಅದು ಎಂದಿಗೂ ಹೊಳೆಯದು.

ಸಾಲಾರ್ ಜಂಗ್ ಸಂಗ್ರಹದಲ್ಲಿ ಇದಕ್ಕಿಂತ ಹೆಚ್ಚು ವಿಚಾರಾರ್ಹವಾದ ಇನ್ನೊಂದು ವಿಭಜನೆಯುಂಟು. ಬೀದರಿನ ಕುಸುರಿಯ ಸಾಮಾನುಗಳು ಭಾರತೀಯ ವಿಭಾಗಕ್ಕೆ ಸೇರಿವೆ, ಯೂರೋಪಿನ ಗಾಜು ಪಾಶ್ಚಾತ್ಯ ವಿಭಾಗಕ್ಕೆ. ಇವೆರಡಕ್ಕೂ ಸಂಬಂಧವಿಲ್ಲವೆಂದು ಯಾತ್ರಿಕನು ಭಾವಿಸುವುದು ಸಹಜವೇ. ವಸ್ತುಸ್ಥಿತಿ ಬೇರೆ. ಹದಿನೇಳನೆಯ ಶತಮಾನದ ಹುಕ್ಕಾದ ಬುಡವು ಗುಂಡಗೆ, ಉಂಗುರದ ಮೇಲೆ ಕೂರುವಂತಿತ್ತು. ಹದಿನೆಂಟನೆಯ ಶತಮಾನದಲ್ಲಿ ಅದು ತಾನೇ ನಿಲ್ಲುವ ಗಂಟೆಯ ಆಕಾರವನ್ನು ತಾಳಿತು. ಬೀದರಿನ ಸತುವಿನ ಮಿಶ್ರಲೋಹದಲ್ಲಿ ಹೇಗೋ ಹಾಗೆಯೇ ಗಾಜಿನಲ್ಲಿಯೂ ಈ ಮಾರ್ಪಾಡು ಕಾಣುವುದು. ಭಾರತದ ಪೇಟೆಗಾಗಿ ಇಂಗ್ಲೆಂಡಿನಲ್ಲಿ ಹುಕ್ಕಾದ ಬುಡಗಳನ್ನು ಊದಿ ಕಳುಹಿಸುತ್ತಿದ್ದರು. ಡಚ್ ವರ್ತಕರ ಚೌಕದ ಸೀಸೆಗಳ ಆಕಾರವನ್ನು ಹಿಡಿದು ಗುಜರಾತಿನ ಚಿತ್ರಕಾರರು ಹೊನ್ನಿನ ಬಣ್ಣದಿಂದ ಹೆಂಗಸರನ್ನೂ ಹೂಗಿಡಗಳನ್ನೂ ಬರೆದರು. ಅಂದಮೇಲೆ ವಸ್ತುವು ಎಲ್ಲಿಯದು, ಆಕೃತಿಯು ಎಲ್ಲಿಯದು, ಅಲಂಕಾರವು ಯಾರದು ಎಂಬ ಮೂರು ಪ್ರಶ್ನೆಗಳಿಗೆ ಮೂರು ಉತ್ತರಗಳು ಬರಬಹುದು. ಒಂದೇ ಚೀಟಿಯಲ್ಲಿ ಒಂದೇ ದೇಶದ ಹೆಸರನ್ನು ಬರೆಯುವ ಪದ್ಧತಿಯು ಇಲ್ಲಿ ಸೋಲುತ್ತದೆ. ಬೀದರಿನ ಗಂಟೆಯಾಕಾರದ ಬುಡವೊಂದನ್ನೂ ಗಾಜಿನದೊಂದನ್ನೂ ಜೊತೆಯಾಗಿಟ್ಟು ತೋರಿಸುವುದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.

ಇನ್ನು ಕನ್ನಡ ನಾಡಿನಲ್ಲಿ ಗಾಜಿತ್ತೇ ಎಂಬ ಪ್ರಶ್ನೆ. ಇದಕ್ಕೆ ಎರಡು ಬಗೆಯ ಉತ್ತರಗಳು ವಾಡಿಕೆಯಲ್ಲಿವೆ, ಎರಡೂ ಗ್ರಾಹ್ಯವಲ್ಲ. ಗಾಜು ಇಂಗ್ಲಿಷರೊಡನೆ ಬಂದಿತೆಂಬುದು ಮೊದಲನೆಯದು. 1947ರಲ್ಲಿ ವ್ಹೀಲರರು ಬ್ರಹ್ಮಗಿರಿಯಲ್ಲಿ ಅಗೆದಾಗ ಶಾತವಾಹನರ ಕಾಲದ ಪದರದಲ್ಲಿ ಗಾಜಿನ ಆಭರಣಗಳು ಸಿಕ್ಕಿದುವು. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನದ ಒಡವೆಯಲ್ಲಿ ಕಾಚವನ್ನು ಕೂರಿಸುವ ಕೆಲಸದ ಮಾತು ಬರುತ್ತದೆ. ಹೀಗಿರಲು ಮೊದಲನೆಯ ಅಭಿಪ್ರಾಯವು ನಿಲ್ಲದು. ಎರಡನೆಯದು ಅಭಿಮಾನದಿಂದ ಹುಟ್ಟಿದ ಮಾತು. ರೋಮಿನ ಪ್ಲಿನಿಯು ಭಾರತದ ಗಾಜನ್ನು ಒಡೆದ ಸ್ಫಟಿಕದಿಂದ ಮಾಡುವರೆಂದೂ ಅದಕ್ಕೆ ಸಾಟಿಯಿಲ್ಲವೆಂದೂ ಹೇಳಿರುವುದನ್ನು ಹಿಡಿದು, ಪ್ರಾಚೀನರ ಊಟದ ಮನೆಯು ಗಾಜಿನಿಂದ ತುಂಬಿತ್ತೆಂದು ಊಹಿಸುವುದು. ಪ್ಲಿನಿಯು ಇಲ್ಲಿಗೆ ಬಂದವನಲ್ಲ. ಅವನ ಮಾತು ದೂರದಿಂದ ಕೇಳಿದುದು. ಅಲ್ಲದೆ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ಸಿಕ್ಕಿದ ಗಾಜಿನ ಬಟ್ಟಲುಗಳ ಚೂರುಗಳು ಮೆಡಿಟರೇನಿಯನ್ ಕಡೆಯಿಂದ ಹಡಗಿನಲ್ಲಿ ಬಂದವು. ಇಲ್ಲಿಯ ಬಟ್ಟಲೇ ಲೋಕೋತ್ತರವಾಗಿದ್ದರೆ ಅಲ್ಲಿಯ ಬಟ್ಟಲಿಗೆ ಈ ದಡದಲ್ಲಿ ಗಿರಾಕಿ ಏಕೆ? ಮೋರೇಶ್ವರ ಗಂಗಾಧರ ದೀಕ್ಷಿತರು 1969ರಲ್ಲಿ ಪ್ರಕಟಿಸಿದ ಭಾರತೀಯ ಗಾಜಿನ ಇತಿಹಾಸದಲ್ಲಿ ಕೂಡಿಸಿರುವ ಸಾಮಗ್ರಿಯಲ್ಲಿಯೂ ಮಣಿಯದೂ ಬಳೆಯದೂ ಮೇಲುಗೈ, ಪಾತ್ರೆಯು ವಿರಳ.

ಗಾಜು ಇತ್ತು, ಆದರೆ ಕೈಗೆ ಇತ್ತು, ಎಲೆಯ ಮುಂದೆ ಇರಲಿಲ್ಲ ಎಂಬುದೇ ಸರಿಯಾದ ಉತ್ತರ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಇದಕ್ಕೆ ಸಾಕ್ಷಿ. 1800-1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ನನು ಮತ್ತೋಡಿನ ಬಳೆಯ ಒಲೆಗಳನ್ನು ಕಂಡು ಬರೆದಿದ್ದಾನೆ. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಊರಗೋಡೆಯ ಒಳಮಗ್ಗುಲಿನ ಎತ್ತರವಾದ ಮಣ್ಣಿನ ದಿಬ್ಬದಲ್ಲಿಯೇ ಒಲೆಗಳನ್ನು ತೋಡಿದ್ದರು. ಗಾಜು ಒರಟು, ಬೆಳಕು ಹಾಯದು. ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣ. ಹಳದಿಗೆ ಬೇಡಿಕೆ ಹೆಚ್ಚು. ಆ ಕಾಲಕ್ಕೆ ಕೋಟೆಯ ಗೋಡೆಯಿಂದ ಇದಕ್ಕಿಂತ ಒಳ್ಳೆಯ ಪ್ರಯೋಜನವಾಗುತ್ತಿರಲಿಲ್ಲವೆಂದು ಬೇಕಾದರೆ ಹೇಳಬಹುದು. ಚನ್ನಪಟ್ಟಣವೂ ಬಳೆಗೆ ಹೆಸರಾಗಿದ್ದಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬೊಹೀಮಿಯದ ಬಳೆಗಳೂ ಅನಂತರ ಜಪಾನಿನವೂ ಸಂತೆಗಳನ್ನು ತುಂಬಿದಾಗ ಇಂತಹ ಒಲೆಗಳ ಗತಿಯೇನಾಯಿತೆಂಬುದನ್ನು ಊಹಿಸಬಹುದು.

ಇದೇ ಒಲೆಯಿಂದ ಬಟ್ಟಲೇಕೆ ಹುಟ್ಟಲಿಲ್ಲ? ಕುಶಲತೆಯ ಕೊರತೆಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಊಟದ ಕ್ರಮವನ್ನು ನೋಡಬೇಕು. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು, ಅಲ್ಲಿಂದಾಚೆಗೆ ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆ ಎಲ್ಲವೂ ರಾಗಿಯ ನಾಡು. ಬಿಸಿ ಮುದ್ದೆಗೂ ಕುದಿಯುವ ಸಾರಿಗೂ ಕಂಚಿನ ತಣಿಗೆಯು ತಡೆದೀತು, ಬಾಳೆಯ ಎಲೆ ಮುತ್ತುಗದ ಎಲೆಗಳು ತಡೆದಾವು. ಸರಿಯಾಗಿ ಹದವಾಗಿ ತಣಿಸದ ಒರಟು ಗಾಜು ಸಿಡಿಯುವುದು. ಮೈಲಿಗೆಯ ವಿಚಾರವೂ ಉಂಟು. ಲೋಹವನ್ನು ಹುಣಿಸೆ ಬೂದಿಗಳಿಂದ ತಿಕ್ಕಿ ಶುದ್ಧಮಾಡುವರು. ಮಣ್ಣಿನ ಕುಡಿಕೆಯನ್ನೂ ಎಲೆಯನ್ನೂ ಎಸೆಯುವರು. ಗಾಜು ಈ ಎರಡು ಪಂಕ್ತಿಗಳಲ್ಲಿ ಯಾವುದಕ್ಕೂ ಸೇರಲಿಲ್ಲ: ಎಸೆಯುವಷ್ಟು ಅಗ್ಗವಲ್ಲ, ತಿಕ್ಕುವಷ್ಟು ಗಟ್ಟಿಯಲ್ಲ. ತುಟಿಗೆ ತಾಗಿಸದೆ ಎತ್ತಿ ಕುಡಿಯುವವರಿಗೆ ಪಾನಪಾತ್ರೆಯ ತೆಳುವಾದ ಅಂಚಿನ ಸುಖವೇ ಬೇಕಿಲ್ಲ. ಅರಮನೆಯ ಮೈಸೂರಿನಲ್ಲಿ ದಸರಾದ ಯೂರೋಪಿಯನ್ನರ ದರ್ಬಾರಿಗೆ ಬಂದ ಅತಿಥಿಗಳಿಗಾಗಿ ಸ್ಫಟಿಕದಂತಹ ಪಾತ್ರೆಗಳು ಬೇಕಾದುವು. ಹಳ್ಳಿಯ ಮೈಸೂರಿಗೆ ಗಾಜು ಬಳೆಗಾರನ ಹೆಗಲಿನ ಮಲಾರದಲ್ಲಿ ಬಂದಿತು, ಅನಂತರ ಸೀಮೆಎಣ್ಣೆಯ ದೀಪದ ಚಿಮಣಿಯಾಗಿ ಬಂದಿತು.

ಮಾತಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಗಾಜು ಎಂಬುದು ಸಂಸ್ಕೃತದ ಕಾಚ ಶಬ್ದದ ತದ್ಭವ. ತೆಲುಗಿನಲ್ಲಿ ಅದೇ ಮಾತಿಗೆ ಬಳೆಯೆಂದೂ ಅರ್ಥ. ತುಳುವಿನಲ್ಲಿ ಕಾಜಿ ಎಂದರೆ ಬಳೆಯೇ. ವಸ್ತುವಿನ ಹೆಸರು ಒಂದು ಒಡವೆಯ ಹೆಸರಾಗಿ ನೆಲೆನಿಂತಿರುವುದು ಆಕಸ್ಮಿಕವಲ್ಲ. ಸೀಸೆ, ಪಿಂಗಾಣಿ ಎಂಬುವು ಪಾರಸಿಯಿಂದ ಬಂದವು. ಪಾತ್ರೆಯೊಡನೆ ಹೆಸರೂ ಬಂದಿತು. ಎಲ್ಲಕ್ಕಿಂತ ವಿನೋದವಾದುದು ಗ್ಲಾಸು. ಇಂಗ್ಲಿಷಿನಲ್ಲಿ ಅದು ಮೊದಲು ವಸ್ತು, ಆಮೇಲೆ ಆ ವಸ್ತುವಿನ ಪಾತ್ರೆ. ಕನ್ನಡಿಗರು ವಸ್ತುವಿಗೆ ಗಾಜೆಂಬ ಮಾತನ್ನೇ ಉಳಿಸಿಕೊಂಡು ಆಕಾರವನ್ನು ಮಾತ್ರ ಗ್ಲಾಸು ಎಂದರು. ಸ್ಟೀಲ್ ಗ್ಲಾಸು, ಬೆಳ್ಳಿ ಗ್ಲಾಸು, ಅಷ್ಟೇಕೆ, ಗಾಜಿನ ಗ್ಲಾಸು ಎಂದರೂ ಯಾರಿಗೂ ಪುನರುಕ್ತಿಯೆನಿಸದು. ಕಾಚದಿಂದ ಬಂದ ಗಾಜೂ ಸಮುದ್ರ ದಾಟಿ ಬಂದ ಗ್ಲಾಸೂ ಒಂದೇ ವಸ್ತುವಿನ ಹೆಸರುಗಳೆಂಬುದು ಮರೆತೇಹೋಗಿದೆ.

ಊಟದ ಪಂಕ್ತಿಗೆ ಹೊರಗಾಗಿದ್ದ ಈ ಪಾತ್ರೆಯು ಕೊನೆಗೆ ಹಳ್ಳಿಯನ್ನು ಹೊಕ್ಕುದು ಕಾಫಿ ಚಹಾಗಳ ಅಂಗಡಿಯ ಮೂಲಕ. ತಳೇಗಾವಿನಲ್ಲಿ 1908ರಲ್ಲಿ ಪೈಸಾಫಂಡಿನ ಗಾಜಿನ ಕಾರ್ಖಾನೆಯು ಹುಟ್ಟಿದಂದಿನಿಂದ ಸ್ವದೇಶಿ ಗಾಜಿನ ಉದ್ಯಮವು ಬೆಳೆದು, ಮೈಗೆರೆಗಳುಳ್ಳ ಒತ್ತುಗಾಜಿನ ಸಣ್ಣ ಲೋಟವು ಎಲ್ಲೆಡೆಯೂ ಹರಡಿತು. ಸಾಣೆಯವನ ಕಡೆತದ ಕಟ್ಟಕಡೆಯ ಸಂತಾನವಿದು. ಈ ಲೋಟದ ಚರಿತ್ರೆಯಲ್ಲಿ ಅಪ್ರಿಯವಾದ ಒಂದು ಅಧ್ಯಾಯವುಂಟು. ಅದನ್ನು ಬಿಟ್ಟು ಬರೆಯುವುದು ವಿದ್ವತ್ತೆಗೆ ತಕ್ಕುದಲ್ಲ. ಅನೇಕ ಹಳ್ಳಿಗಳ ಅಂಗಡಿಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಬೇರೆಯ ಲೋಟವನ್ನು ಹೊರಗಡೆಯ ಗೂಟಕ್ಕೋ ಗೋಡೆಯ ಸಂದಿಗೋ ಇಡುತ್ತಿದ್ದರು, ಕುಡಿದವರೇ ತೊಳೆದಿಡಬೇಕಾಗಿದ್ದಿತು. 1950ರ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ಅಳಿಸಿತು, 1955ರ ಶಾಸನವು ಅದಕ್ಕೆ ಶಿಕ್ಷೆಯನ್ನು ವಿಧಿಸಿತು. ಆದರೂ ಎರಡು ಲೋಟಗಳ ದೂರುಗಳು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಕೇಳಿಬಂದಿವೆ. ನೀರಿನಿಂದ ತೊಳೆದರೆ ಕಲೆಯೇ ನಿಲ್ಲದ ವಸ್ತುವೊಂದನ್ನು ಮೈಲಿಗೆಯ ಗುರುತಾಗಿ ಮಾಡಿಕೊಂಡುದರಲ್ಲಿ ಎಂತಹ ವಿಪರ್ಯಾಸವಿದೆಯೆಂಬುದು ಆ ಅಂಗಡಿಗಳಲ್ಲಿ ಯಾರಿಗೂ ತೋರಿದಂತಿಲ್ಲ.

ರಾಜರ ಪಾನಪಾತ್ರೆಗೆ ಗಾಜಿನ ಬೀರು ದೊರೆತಿದೆ. ಮತ್ತೋಡಿನ ಹಳದಿ ಬಳೆಯ ಚೂರನ್ನೂ ಗೂಟದ ಮೇಲಿನ ಲೋಟವನ್ನೂ ಅದರ ಪಕ್ಕದಲ್ಲಿಡಬೇಕೆಂದರೆ, ಅವು ಸುಂದರವಲ್ಲವೆಂಬ ಆಕ್ಷೇಪವು ಬರುವುದು ಖಂಡಿತ. ಸೌಂದರ್ಯವೊಂದೇ ಅಳತೆಯಾದರೆ ಬೀರುವಿನ ಒಳಗಿರುವ ಎಷ್ಟೋ ಮೊಂಡಂಚಿನ ತಟ್ಟೆಗಳನ್ನೂ ಹೊರಗೆ ತೆಗೆಯಬೇಕಾದೀತು. ಅವು ಅಲ್ಲಿರುವುದು ಯಾರ ಮೇಜಿನ ಮೇಲಿದ್ದುವೆಂಬ ಕಾರಣದಿಂದ. ಅದೇ ಕಾರಣವು ಲೋಟಕ್ಕೂ ಅನ್ವಯಿಸುತ್ತದೆ. ಅದು ಯಾರ ಕೈಯಲ್ಲಿತ್ತೆಂಬುದನ್ನು ಚೀಟಿಯ ಮೇಲೆ ಬರೆಯಬೇಕು.